ಚಿತ್ರದ ಬದಿ, ವಿಳಾಸದ ಬದಿ

ಬೆಂಗಳೂರಿನ ಹಳೆಯ ಪಿಕ್ಚರ್ ಪೋಸ್ಟ್‌ಕಾರ್ಡುಗಳನ್ನು ಬೆಂಗಳೂರಿನಲ್ಲೇ ಹುಡುಕಲು ಹೊರಟವರಿಗೆ ಬಹುಬೇಗ ಗೊತ್ತಾಗುವ ಸಂಗತಿಯೆಂದರೆ, ಅವು ಇಲ್ಲಿಲ್ಲ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ, ಸಂಡೇ ಬಜಾರಿನ ನೆಲಹಾಸಿನ ಮೇಲೆ, ಅಂಚೆಚೀಟಿ ಪ್ರದರ್ಶನಗಳ ಮಾರಾಟದ ಮೇಜುಗಳಲ್ಲಿ ಸಿಗುವವು ಹೆಚ್ಚಾಗಿ ಬರೆಯದೆ ಉಳಿದ ಕಾರ್ಡುಗಳು, ಎಂದರೆ ಮಾರಾಟವಾಗದೆ ಯಾವುದೋ ಅಂಗಡಿಯ ಪೆಟ್ಟಿಗೆಯೊಳಗೇ ಮುದಿಯಾದವು. ಶಾಯಿ ಕಂಡವು, ಅಂಚೆಮುದ್ರೆ ಹೊತ್ತವು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದವು ಬಹುತೇಕ ನೂರು ವರ್ಷಗಳ ಹಿಂದೆಯೇ ಮುಂಬಯಿಯಲ್ಲಿ ಹಡಗು ಹತ್ತಿದವು. ಅವನ್ನು ಕೊಳ್ಳುತ್ತಿದ್ದವರು ಕೊಳ್ಳುತ್ತಿದ್ದುದೇ ದೂರದವರಿಗೆ ಕಳುಹಿಸುವುದಕ್ಕಾದ್ದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಲಾಲ್‌ಬಾಗಿನ ಗಾಜಿನ ಮನೆಯ ಚಿತ್ರವನ್ನು ಇಂಗ್ಲೆಂಡಿನ ಯಾವುದೋ ಅಜ್ಜಿಯ ಅಟ್ಟದಿಂದ ಇಳಿಸಿ, ಹರಾಜಿನಲ್ಲಿ ಪೌಂಡುಗಳ ಲೆಕ್ಕದಲ್ಲಿ ಕೊಂಡು, ಅದೇ ಗಾಜಿನ ಮನೆಯಿಂದ ಮೈಲಿ ದೂರದಲ್ಲಿರುವ ನನ್ನ ಮನೆಗೆ ಮತ್ತೆ ಅಂಚೆಯಲ್ಲಿ ತರಿಸಿಕೊಳ್ಳುವಾಗ ಸ್ವಲ್ಪ ಸಿಟ್ಟು ಬರುವುದು ಸುಳ್ಳಲ್ಲ.

ಈ ಕಾರ್ಡುಗಳು ಎಲ್ಲಿಂದ ಬಂದವೆಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಿತ್ರವಿಲ್ಲದ, ಬರಿಯ ಬರೆಯುವ ಕಾರ್ಡು ಮೊದಲು ಹೊರಟಿದ್ದು 1869ರ ಅಕ್ಟೋಬರಿನಲ್ಲಿ, ಆಸ್ಟ್ರಿಯಾ-ಹಂಗೆರಿಯಲ್ಲಿ. ನಮ್ಮ ದೇಶಕ್ಕೆ ಅದು ಬಂದಿದ್ದು 1879ರಲ್ಲಿ, ವಿಕ್ಟೋರಿಯಾ ರಾಣಿಯ ತಲೆ ಅಚ್ಚಾದ ಕಾಲಾಣೆಯ ಕಾರ್ಡಾಗಿ. ಒಂದು ಬದಿಗೆ ಚಿತ್ರ ಮುದ್ರಿಸಿ ಮಾರುವ ವ್ಯಾಪಾರ ಇಲ್ಲಿ ಕುದುರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಆರಂಭದಲ್ಲಿ ಹಿಂಬದಿಯನ್ನು ವಿಳಾಸಕ್ಕೆಂದೇ ಮೀಸಲಿಡಬೇಕೆಂಬ ನಿಯಮವಿದ್ದುದರಿಂದ ಬರೆಯುವವರು ತಮ್ಮ ಮಾತನ್ನು ಚಿತ್ರದ ಅಂಚಿನಲ್ಲಿ, ಆಕಾಶದ ಮೇಲೆ, ದೇವಸ್ಥಾನದ ಗೋಪುರದ ಪಕ್ಕದಲ್ಲಿ ತುರುಕಬೇಕಾಗುತ್ತಿತ್ತು. 1902ರಲ್ಲಿ ಬ್ರಿಟನ್ ಹಿಂಬದಿಯ ನಡುವೆ ಒಂದು ಗೆರೆ ಎಳೆದು, ಬಲಕ್ಕೆ ವಿಳಾಸವನ್ನೂ ಎಡಕ್ಕೆ ಒಕ್ಕಣೆಯನ್ನೂ ಬರೆಯಬಹುದೆಂದು ಒಪ್ಪಿತು. ಉಳಿದ ದೇಶಗಳು ಒಂದೊಂದಾಗಿ ಹಿಂಬಾಲಿಸಿದವು, ಅಮೆರಿಕ 1907ರಲ್ಲಿ. ಆ ಒಂದು ಗೆರೆಯ ನಂತರ ಜನ ಕಾರ್ಡಿನ ಹುಚ್ಚಿಗೆ ಬಿದ್ದರು. 1908ರ ಒಂದೇ ವರ್ಷದ ಲೆಕ್ಕದಲ್ಲಿ ಅಮೆರಿಕದ ಅಂಚೆಯಲ್ಲಿ 67 ಕೋಟಿಗೂ ಹೆಚ್ಚು ಕಾರ್ಡುಗಳು ಓಡಾಡಿದ್ದವು. ಮದರಾಸಿನ ಹಿಗಿನ್‌ಬಾಥಮ್ಸ್, ಸ್ಪೆನ್ಸರ್, ವೀಲ್ ಅಂಡ್ ಕ್ಲೈನ್ ಮೊದಲಾದವರು ದಕ್ಷಿಣದ ಊರುಗಳ ಚಿತ್ರಗಳನ್ನು ಕಾರ್ಡಾಗಿಸಿ ಮಾರಿದರು. ಸಾವಿರಾರು ಗೋರಾ ಸಿಪಾಯಿಗಳೂ ಅವರ ಅಧಿಕಾರಿಗಳ ಸಂಸಾರಗಳೂ ಮನೆಯಿಂದ ಅಷ್ಟು ದೂರ ಬಂದು ಕುಳಿತಿದ್ದ ಬೆಂಗಳೂರಿನ ದಂಡು ಪ್ರದೇಶ ಅವರಿಗೆ ಒಳ್ಳೆಯ ಗಿರಾಕಿಯಾಗಿತ್ತು. ಹೀಗಾಗಿ ಬೆಂಗಳೂರಿನ ಕಾರ್ಡುಗಳೆಂದರೆ ಮುಖ್ಯವಾಗಿ ದಂಡಿನ ಕಾರ್ಡುಗಳು: ಸೌತ್ ಪೆರೇಡ್ (ಈಗಿನ ಎಂ.ಜಿ. ರಸ್ತೆ), ಕಬ್ಬನ್ ಪಾರ್ಕು, ಚರ್ಚುಗಳು, ಬ್ಯಾರಕ್ಕುಗಳು, ಹಲಸೂರು ಕೆರೆ. ಪೇಟೆ ಅಪರೂಪ. ಚಿಕ್ಕಪೇಟೆಯಲ್ಲೋ ಬಳೇಪೇಟೆಯಲ್ಲೋ ಆ ಕಾಲದಲ್ಲಿ ನಡೆಯುತ್ತಿದ್ದ ಬದುಕನ್ನು ನೋಡಬೇಕೆಂದು ಈ ಹವ್ಯಾಸಕ್ಕೆ ಇಳಿದರೆ ನಿರಾಸೆ ಖಚಿತ.

ಹಳೆಯ ಕಾರ್ಡು ಕೈಗೆ ಬಂದಾಗ ಅದರ ಹಿಂದಿನ ಬದುಕನ್ನು ಊಹಿಸದೆ ಇರುವ ಸಂಗ್ರಾಹಕರನ್ನು ನಾನು ಕಂಡಿಲ್ಲ. ಬೆಲೆಯನ್ನಷ್ಟೇ ನೋಡುತ್ತೇವೆಂದು ಹೇಳುವವರೂ ಒಂಟಿಯಾಗಿದ್ದಾಗ ಒಕ್ಕಣೆ ಓದುತ್ತಾರೆ. ನನಗೂ ಸಂತೋಷ ಕೊಡುವ ಭಾಗ ಅದೇ. ಆದರೆ ವರ್ಷಗಳು ಕಳೆದಂತೆ ಈ ಊಹೆಯ ಬಗ್ಗೆ ನನಗೆ ಒಂದು ಅನುಮಾನ ಬಲವಾಗಿದೆ. ನಮ್ಮ ಊಹೆ ಸುಲಭವಾಗಿ ಹರಿಯುವುದು ವಿಳಾಸದ ಬದಿಯ ಜನರ ಕಡೆಗೆ, ಬರೆದವರ ಮತ್ತು ಪಡೆದವರ ಕಡೆಗೆ. ಚಿತ್ರದ ಬದಿಯಲ್ಲಿ ನಿಂತವರ ಹತ್ತಿರ ಬಂದಾಗ ಅದು ತಡವರಿಸುತ್ತದೆ. ಇದಕ್ಕೆ ಕಾರಣ ನಮ್ಮ ಮನಸ್ಸಿನ ಸೋಮಾರಿತನವಷ್ಟೇ ಅಲ್ಲ, ಕಾಗದ ಉಳಿದುಬಂದ ರೀತಿಯೂ ಹೌದು. ನನ್ನಲ್ಲಿರುವ ಒಂದು ಚಿಕ್ಕ ಕಟ್ಟಿನ ಮೂಲಕ ಇದನ್ನು ವಿವರಿಸುತ್ತೇನೆ.

ಒಂದೇ ಕೈಬರಹದ, ಒಂದೇ ವಿಳಾಸಕ್ಕೆ ಹೋದ ಕೆಲವು ಕಾರ್ಡುಗಳು ಅವು. ಎಲ್ಲವೂ ಬೆಂಗಳೂರಿನ ಚಿತ್ರಗಳು. ಎಲ್ಲಕ್ಕೂ ಏಳನೆಯ ಎಡ್ವರ್ಡ್ ದೊರೆಯ ತಲೆಯಿರುವ ಒಂದಾಣೆಯ ಕೆಂಪು ಚೀಟಿ. 1908 ಮತ್ತು 1909ರ ಮುದ್ರೆಗಳು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಊರೊಂದರಲ್ಲಿದ್ದ, ಹೆಸರಿನಿಂದಲೇ ದೊಡ್ಡದೆಂದು ತಿಳಿಯುವ ಒಂದು ಮನೆಗೆ, ಮದುವೆಯಾಗದ ಒಬ್ಬ ಹೆಣ್ಣುಮಗಳ ಹೆಸರಿಗೆ ಅವು ಹೋಗಿವೆ. ಬರೆದವನು ಸಿಪಾಯಿ. ತನ್ನ ಹೆಸರಿನ ಜಾಗದಲ್ಲಿ ಒಂದೇ ಅಕ್ಷರ ಬರೆಯುತ್ತಾನೆ. ಬ್ಯಾರಕ್ಕಿನ ಚಿತ್ರವಿರುವ ಕಾರ್ಡಿನಲ್ಲಿ ಒಂದು ಕಿಟಕಿಯ ಮೇಲೆ ಶಾಯಿಯಲ್ಲಿ ಗುಣಾಕಾರದ ಗುರುತು ಹಾಕಿ ತಾನು ಮಲಗುವುದು ಇಲ್ಲಿ ಎಂದು ತಿಳಿಸಿದ್ದಾನೆ. ಆ ಕಾಲದ ಕಾರ್ಡುಗಳಲ್ಲಿ ಈ ಗುರುತು ಎಷ್ಟು ಸಾಮಾನ್ಯವೆಂದರೆ, ಹೋಟೆಲು, ಆಸ್ಪತ್ರೆ, ಹಡಗು ಯಾವುದರ ಚಿತ್ರವಾದರೂ ಮೊದಲು ನಾನು ಕಿಟಕಿಗಳ ಮೇಲೆ ಕಣ್ಣಾಡಿಸುತ್ತೇನೆ. ಸೌತ್ ಪೆರೇಡಿನ ಕಾರ್ಡಿನಲ್ಲಿ ಮಳೆಯ ಸುದ್ದಿಯಿದೆ. ಇಂಗ್ಲೆಂಡಿನ ಡಾಕು ಈ ವಾರ ತಡವಾಯಿತೆಂಬ ಗೊಣಗಾಟವಿದೆ. ವಾರಕ್ಕೊಮ್ಮೆ ಬರುವ ಹಡಗಿನ ಡಾಕು ದಂಡಿನ ಬದುಕಿನ ತಾಳವೇ ಆಗಿದ್ದಿತೆಂಬುದು ಇಂಥ ಕಾರ್ಡುಗಳನ್ನು ಓದಿದವರಿಗೆಲ್ಲ ಗೊತ್ತು.

ಇಷ್ಟು ಓದಿದ ಮೇಲೆ ಒಂದು ಕಥೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ: ದೊಡ್ಡ ಮನೆಯ ಮಗಳು, ಬಡ ಸಿಪಾಯಿ, ಮನೆಯವರ ವಿರೋಧ. ಈ ಕಥೆಯನ್ನು ಪರೀಕ್ಷಿಸುವ ಸಾಧನ ಇಂಗ್ಲೆಂಡಿನಲ್ಲಿ ಇದೆ. ಅಲ್ಲಿ 1911ರ ಏಪ್ರಿಲ್ 2ರಂದು ನಡೆದ ಜನಗಣತಿಯಲ್ಲಿ ಪ್ರತಿ ಮನೆಯವರು ತಮ್ಮ ಕೈಯಾರೆ ತುಂಬಿದ ಹಾಳೆಗಳನ್ನು ಕಾಪಾಡಿಟ್ಟಿದ್ದಾರೆ. 2009ರಿಂದ ಅವು ಸಾರ್ವಜನಿಕರಿಗೆ ತೆರೆದಿವೆ. ವಿಳಾಸ ಗೊತ್ತಿದ್ದರೆ ಆ ಮನೆಯಲ್ಲಿ ಆ ರಾತ್ರಿ ಯಾರೆಲ್ಲ ಇದ್ದರು, ಯಾರಿಗೆ ಎಷ್ಟು ವಯಸ್ಸು, ಯಾವ ಉದ್ಯೋಗ, ಹುಟ್ಟಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಹಣ ಕೊಟ್ಟು ನೋಡಬಹುದು. ನೋಡಿದೆ. ಆಕೆಯ ಹೆಸರು ಮನೆಯೊಡೆಯರ ಮಕ್ಕಳ ಸಾಲಿನಲ್ಲಿರಲಿಲ್ಲ; ಹಾಳೆಯ ಕೊನೆಯಲ್ಲಿ, ಅಡುಗೆಯವಳ ಕೆಳಗೆ, ಕೋಣೆಗಳನ್ನು ಗುಡಿಸಿ ಒಪ್ಪಮಾಡುವ ಕೆಲಸದವಳೆಂದು ದಾಖಲಾಗಿತ್ತು. ಹುಟ್ಟಿದ್ದು ಬೇರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬೆಳಗಾಗುವ ಮೊದಲೇ ಎದ್ದು ಒಲೆಗಳ ಬೂದಿ ಬಾಚುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಕಬ್ಬನ್ ಪಾರ್ಕಿನ ಚಿತ್ರ ಬರುತ್ತಿತ್ತು. ಆ ಮನೆಯ ಬಾಗಿಲಿಗೆ ಬಂದ ಡಾಕು ಅವಳ ಕೈಸೇರುವ ಮೊದಲು ಎಷ್ಟು ಜನರ ಕಣ್ಣಿಗೆ ಬಿದ್ದಿರಬೇಕೆಂಬುದನ್ನು ಯೋಚಿಸಿದರೆ, ಸಿಪಾಯಿ ಒಂದೇ ಅಕ್ಷರದಲ್ಲಿ ಸಹಿ ಮಾಡಿದ್ದು ಏಕೆಂದು ಅರ್ಥವಾಗುವಂತಿದೆ. ಕಾರ್ಡೆಂದರೆ ತೆರೆದ ಕಾಗದ. ಆ ಕಾಲದ ಕೆಲವರು ಶೀಘ್ರಲಿಪಿಯಲ್ಲಿ, ಕೆಲವರು ಕನ್ನಡಿಯಲ್ಲಿ ಓದಬೇಕಾದ ತಿರುಗುಮುರುಗು ಅಕ್ಷರಗಳಲ್ಲಿ ಬರೆಯುತ್ತಿದ್ದುದೂ ಇದೇ ಕಾರಣಕ್ಕೆ.

ಈಗ ಅದೇ ಕಟ್ಟಿನ ಇನ್ನೊಂದು ಕಾರ್ಡು. ಸ್ಟುಡಿಯೋದಲ್ಲಿ ತೆಗೆದ ಚಿತ್ರ: ಹಿಂದೆ ಬಣ್ಣದಲ್ಲಿ ಬರೆದ ಕಂಬ ಮತ್ತು ಬಳ್ಳಿಯ ಪರದೆ, ಮುಂದೆ ಕುರ್ಚಿಯ ಪಕ್ಕದಲ್ಲಿ ನಿಂತ ಒಬ್ಬ ಹೆಂಗಸು, ಅವಳ ತೋಳಿನಲ್ಲಿ ಬಿಳಿಯ ಫ್ರಾಕಿನ ಒಂದು ಇಂಗ್ಲಿಷ್ ಮಗು. ಕೆಳಗೆ ಎರಡೇ ಪದ: ಆಯಾ, ಬ್ಯಾಂಗಲೋರ್. ಸಿಪಾಯಿ ಹಿಂಬದಿಯಲ್ಲಿ ತಮಾಷೆ ಮಾಡಿದ್ದಾನೆ. ಇಲ್ಲಿಯ ಮನೆಗಳಲ್ಲಿ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರಿರುತ್ತಾರೆ, ನೀನು ಅಲ್ಲಿ ಒಬ್ಬಳೇ ಮಾಡುವುದನ್ನು ಇಲ್ಲಿ ಐದಾರು ಜನ ಮಾಡುತ್ತಾರೆ ಎಂಬರ್ಥದ ಮಾತು. ಒಬ್ಬ ಕೆಲಸದವಳ ಚಿತ್ರವನ್ನು ಇನ್ನೊಬ್ಬ ಕೆಲಸದವಳಿಗೆ ಕಳುಹಿಸಿ, ಮೊದಲನೆಯವಳನ್ನು ತೋರಿಸಿ ಎರಡನೆಯವಳನ್ನು ನಗಿಸಲು ನೋಡಿದ್ದಾನೆ. ಅವಳು ನಕ್ಕಿರಬಹುದು.

ನಾನು ಈ ಕಾರ್ಡಿನ ಮುಂದೆ ಕಳೆದಷ್ಟು ಹೊತ್ತನ್ನು ಬೇರಾವುದರ ಮುಂದೆಯೂ ಕಳೆದಿಲ್ಲ. ಇಂಗ್ಲೆಂಡಿನ ಹುಡುಗಿಗೆ ಹೆಸರಿದೆ, ವಯಸ್ಸಿದೆ, ಹುಟ್ಟಿದ ಹಳ್ಳಿಯಿದೆ, ಅವಳ ಬಗ್ಗೆ ಸರ್ಕಾರಿ ಹಾಳೆಯೊಂದಿದೆ. ಬೆಂಗಳೂರಿನ ಹೆಂಗಸಿಗೆ ಮುಖವಿದೆ, ಅಷ್ಟೇ. ನಮ್ಮಲ್ಲೂ ಅದೇ 1911ರಲ್ಲಿ, ಮಾರ್ಚ್ 10ರ ರಾತ್ರಿ ಜನಗಣತಿ ನಡೆಯಿತು; ಮೈಸೂರು ಸಂಸ್ಥಾನದ ಸುಮಾರು 58 ಲಕ್ಷ ಜನರನ್ನು ಎಣಿಸಿ, ಜಾತಿ, ಮತ, ಭಾಷೆ, ಕಸಬುಗಳ ಪ್ರಕಾರ ವಿಂಗಡಿಸಿ, ದಪ್ಪ ಸಂಪುಟಗಳಲ್ಲಿ ಮುದ್ರಿಸಿದರು. ಆ ಸಂಪುಟಗಳಲ್ಲಿ ಮನೆಗೆಲಸದವರು ಎಷ್ಟು ಮಂದಿ ಎಂಬುದು ಸಿಗುತ್ತದೆ. ಇಂಥ ಬೀದಿಯ ಇಂಥ ಮನೆಯಲ್ಲಿ ಇಂಥವಳು ಇದ್ದಳು ಎಂಬ ಹಾಳೆ ಸಿಗುವುದಿಲ್ಲ. ಕಾರ್ಡಿನ ತಲೆಬರಹವೂ ಜನಗಣತಿಯ ಕೋಷ್ಟಕವೂ ಒಂದೇ ಮನಸ್ಸಿನಿಂದ ಹುಟ್ಟಿದವು ಎಂದು ನನಗೆ ಅನ್ನಿಸುವುದು ಇಲ್ಲಿಯೇ. ಧೋಬಿ, ಭಿಸ್ತಿ (ನೀರು ಹೊರುವವ), ಚಪರಾಸಿ, ದರ್ಜಿ, ನೇಟಿವ್ ಬಾರ್ಬರ್, ನಾಚ್ ಗರ್ಲ್, ಹಾವಾಡಿಗ ಎಂದು ಕಾರ್ಡುಗಳ ಮೇಲೆ ಅಚ್ಚಾದ ಸಾಲುಗಳನ್ನು ಓದುತ್ತಾ ಹೋದರೆ, ಅಲ್ಲಿ ಮನುಷ್ಯರ ಹೆಸರು ಬರುವುದು ರಾಜನೋ ಗವರ್ನರನೋ ಆದಾಗ ಮಾತ್ರ.

ಹಾಗಾದರೆ ಅವಳ ಬದುಕನ್ನು ಊಹಿಸುವುದು ಬೇಡವೇ? ಬೇಕು, ಆದರೆ ಚಿತ್ರ ಒಪ್ಪುವಷ್ಟನ್ನೇ ಊಹಿಸಬೇಕೆಂಬುದು ನನ್ನ ಪಟ್ಟು. ಮಗು ಅಳುತ್ತಿಲ್ಲ, ಅದರ ಒಂದು ಕೈ ಅವಳ ಸೆರಗಿನ ಅಂಚನ್ನು ಹಿಡಿದಿದೆ. ಕೂಸು ಎತ್ತಿಕೊಳ್ಳುವುದು ಅಭ್ಯಾಸವಾದ ಹೆಂಗಸು ಹೇಗೆ ಸೊಂಟವನ್ನು ಒಂದು ಕಡೆಗೆ ಒರಗಿಸುತ್ತಾಳೋ ಹಾಗೆ ನಿಂತಿದ್ದಾಳೆ. ಆದ್ದರಿಂದ ಇವಳು ಸ್ಟುಡಿಯೋದವರು ದಾರಿಯಲ್ಲಿ ಹಿಡಿದು ತಂದ ಯಾರೋ ಅಲ್ಲ, ಈ ಮಗುವನ್ನು ನಿಜವಾಗಿ ಎತ್ತಾಡಿಸುತ್ತಿದ್ದವಳು ಎಂದು ನಾನು ನಂಬುತ್ತೇನೆ. ಅಲ್ಲಿಂದ ಮುಂದಿನ ಹೆಜ್ಜೆ: ಫೋಟೋ ತೆಗೆಸಲು ಹೋದವರು ಮಗುವಿನ ತಂದೆತಾಯಿಗಳಿರಬೇಕು, ಮನೆಯ ಆಲ್ಬಮ್ಮಿಗೆಂದು ತೆಗೆಸಿದ ಚಿತ್ರ ಸ್ಟುಡಿಯೋದವರ ಕೈಯಿಂದ ಕಾರ್ಡಿನ ವ್ಯಾಪಾರಕ್ಕೆ ಹೋಗಿರಬೇಕು. ಇದು ಊಹೆ, ಆದರೂ ಇದಕ್ಕೆ ಆಧಾರವಿದೆ. ಸ್ಟುಡಿಯೋಗಳು ತಮ್ಮ ಹಳೆಯ ನೆಗೆಟಿವ್‌ಗಳನ್ನು ಹೀಗೆ ಮತ್ತೆ ಮತ್ತೆ ದುಡಿಸುತ್ತಿದ್ದುದು ಗೊತ್ತಿರುವ ಸಂಗತಿ. ಒಂದೇ ಮುಖ ಒಬ್ಬ ಪ್ರಕಾಶಕರಲ್ಲಿ ಮದರಾಸಿನ ಹೆಂಗಸಾಗಿ, ಇನ್ನೊಬ್ಬರಲ್ಲಿ ಬೇರೆ ಊರಿನ, ಬೇರೆ ಜಾತಿಯ ಹೆಂಗಸಾಗಿ ಬರುವುದನ್ನು ನಾನೇ ಕಂಡಿದ್ದೇನೆ. ಅದಕ್ಕಾಗಿ ತಲೆಬರಹವನ್ನು ಸಾಕ್ಷಿಯೆಂದು ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇನೆ. ಅವಳು ಕನ್ನಡ ಮಾತನಾಡುತ್ತಿದ್ದಳೋ, ತಮಿಳೋ, ದಖನಿ ಉರ್ದುವೋ ಎಂದು ಕೇಳುವವರಿಗೆ, ದಂಡಿನಲ್ಲಿ ಈ ಮೂರನ್ನೂ ಬೆರೆಸಿ ಮಾತನಾಡದೆ ದಿನ ಕಳೆಯುವುದು ಕಷ್ಟವಿತ್ತೆಂದು ಮಾತ್ರ ಹೇಳುತ್ತೇನೆ.

ಸೀರೆಯ ಬಣ್ಣದ ವಿಚಾರ ಇನ್ನೂ ವಿಚಿತ್ರ. ಕಾರ್ಡಿನಲ್ಲಿ ಅದು ತೆಳು ಗುಲಾಬಿ. ಆದರೆ ಮೂಲ ಚಿತ್ರ ಕಪ್ಪುಬಿಳುಪು. ಆಗಿನ ಇಂಥ ಕಾರ್ಡುಗಳಲ್ಲಿ ದೊಡ್ಡ ಪಾಲು ಜರ್ಮನಿಯಲ್ಲಿ, ಅದರಲ್ಲೂ ಸ್ಯಾಕ್ಸನಿಯ ಛಾಪಖಾನೆಗಳಲ್ಲಿ ಅಚ್ಚಾಗುತ್ತಿತ್ತು. ಕಾರ್ಡಿನ ಅಂಚಿನಲ್ಲಿ ಹಾಗೆಂದು ಮುದ್ರಿಸಿಯೂ ಇರುತ್ತದೆ. ಫೋಟೋ ಅಲ್ಲಿಗೆ ಹೋಗುತ್ತಿತ್ತು, ಬೆಂಗಳೂರನ್ನು ಎಂದೂ ನೋಡದ ಕೆಲಸಗಾರರು ಅದಕ್ಕೆ ಬಣ್ಣ ತುಂಬುತ್ತಿದ್ದರು, ಕಾರ್ಡಾಗಿ ಮಾರಾಟಕ್ಕೆ ಇಲ್ಲಿಗೆ ಬರುತ್ತಿತ್ತು, ಬರೆಸಿಕೊಂಡು ಮತ್ತೆ ಯುರೋಪಿಗೆ ಹೋಗುತ್ತಿತ್ತು. ಅಂದರೆ ಈ ಹೆಂಗಸನ್ನು ಊಹಿಸಿದವರಲ್ಲಿ ನಾನು ಮೊದಲನೆಯವನಲ್ಲ. ಜರ್ಮನಿಯ ಯಾವುದೋ ಊರಿನಲ್ಲಿ ಕುಳಿತ ಒಬ್ಬ ಕೆಲಸಗಾರ ಅವಳ ಸೀರೆ ಯಾವ ಬಣ್ಣದ್ದಿರಬಹುದೆಂದು ಒಂದು ಕ್ಷಣ ಯೋಚಿಸಿದ್ದಾನೆ. 1914ರಲ್ಲಿ ಯುದ್ಧ ಶುರುವಾದ ಕೂಡಲೇ ಈ ದಾರಿ ಮುಚ್ಚಿತು. ಆನಂತರದ ಕಾರ್ಡುಗಳ ಮುದ್ರಣದಲ್ಲಿ ಆ ನಯ ಬರಲಿಲ್ಲವೆಂದು ಹಳಬರು ಹೇಳುವುದನ್ನು ನಾನೂ ಒಪ್ಪುತ್ತೇನೆ. ಭೂತಗನ್ನಡಿಯಲ್ಲಿ ನೋಡಿದರೆ ಒಳ್ಳೆಯ ಕಾಲೊಟೈಪ್ ಮುದ್ರಣದಲ್ಲಿ, ಎಂದರೆ ಜೆಲಟಿನ್ ಲೇಪಿಸಿದ ಗಾಜಿನ ಹಲಗೆಯಿಂದ ಅಚ್ಚೊತ್ತುವ ವಿಧಾನದಲ್ಲಿ, ಚುಕ್ಕೆಗಳ ಸಾಲು ಕಾಣುವುದಿಲ್ಲ, ಸುಕ್ಕು ಸುಕ್ಕಾದ ಸಣ್ಣ ಹರಳುಗಳು ಕಾಣುತ್ತವೆ. ಹಾಫ್‌ಟೋನ್ ಆದರೆ ಸಾಲಾದ ಚುಕ್ಕೆಗಳು. ಇತ್ತೀಚೆಗೆ ಹಳೆಯದೆಂದು ಮಾರುವ ನಕಲುಗಳೂ ಬಂದಿರುವುದರಿಂದ ಈ ಪರೀಕ್ಷೆ ಮಾಡದೆ ಹಣ ಕೊಡಬಾರದು.

ಆಯಾಗಳು ಇಂಗ್ಲೆಂಡಿಗೂ ಹೋಗುತ್ತಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಹಡಗಿನ ದೀರ್ಘ ಪ್ರಯಾಣದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕರೆದೊಯ್ದು, ದಡ ಸೇರಿದ ಮೇಲೆ ಮರಳುವ ಟಿಕೆಟ್ಟಿನ ವ್ಯವಸ್ಥೆಯಿಲ್ಲದೆ ಕೈಬಿಡುವ ಯಜಮಾನರು ಇದ್ದರು. ಅಂಥವರಿಗಾಗಿ ಲಂಡನ್ನಿನಲ್ಲಿ ಆಯಾಸ್ ಹೋಮ್ ಎಂಬ ಆಶ್ರಯವಿತ್ತು. ಅದು 1900ರಲ್ಲಿ ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಗೆ ಬಂದಿತು, ಆ ಮನೆಗೆ 2022ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಚಾರಿತ್ರಿಕ ಮನೆಗಳನ್ನು ಗುರುತಿಸುವ ನೀಲಿ ಫಲಕ ಹಾಕಿತು. ಹಡಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ಈ ಹೆಂಗಸರು ಎಷ್ಟೋ ಸಲ ತಮ್ಮ ಹೆಸರಿನಲ್ಲಿ ಇಲ್ಲ. ಇಂಥ ಶ್ರೀಮತಿಯವರ ಆಯಾ ಎಂದಷ್ಟೇ ಇದೆ. ಸಮುದ್ರ ದಾಟಿದರೂ ಹೆಸರು ಜೊತೆಗೆ ಬರಲಿಲ್ಲ. ನನ್ನ ಕಾರ್ಡಿನ ಹೆಂಗಸು ಹಾಗೆ ಹೋದಳೆಂದು ಕಲ್ಪಿಸಿಕೊಂಡು, ದಕ್ಷಿಣ ಕರಾವಳಿಯ ಆ ಹುಡುಗಿಯನ್ನು ಅವಳಿಗೆ ಭೇಟಿ ಮಾಡಿಸುವ ಆಸೆ ಬರೆಯುವವರಿಗೆ ಸಹಜ. ನಾನು ಆ ಕೆಲಸಕ್ಕೆ ಹೋಗುವುದಿಲ್ಲ. ಕಾರ್ಡು ಅಷ್ಟು ಭಾರ ಹೊರುವುದಿಲ್ಲ.

ಸಿಪಾಯಿಯ ಕಾರ್ಡುಗಳು 1909ರ ಮಧ್ಯದಲ್ಲಿ ನಿಂತುಹೋಗುತ್ತವೆ. ಅವನು ಸತ್ತನೇ, ಮರೆತನೇ, ಅವಳೇ ಬೇಡವೆಂದಳೇ ಎಂದು ಮನಸ್ಸು ಓಡುತ್ತದೆ. ಆದರೆ ಹಳೆಯ ಕಾಗದದ ವ್ಯಾಪಾರ ಹೇಗೆ ನಡೆಯುತ್ತದೆಂದು ತಿಳಿದವರು ಇಲ್ಲಿ ಎಚ್ಚರವಾಗಿರಬೇಕು. ಒಂದು ಮನೆಯ ಆಲ್ಬಮ್ ವ್ಯಾಪಾರಿಯ ಕೈಗೆ ಬಂದರೆ ಅವನು ಅದನ್ನು ಇಡಿಯಾಗಿ ಮಾರುವುದು ಅಪರೂಪ. ಬೆಂಗಳೂರಿನವು ಬೆಂಗಳೂರಿನ ಗಿರಾಕಿಗೆ, ರೈಲಿನವು ರೈಲಿನ ಹುಚ್ಚಿನವರಿಗೆ, ಬೆಕ್ಕಿನವು ಬೆಕ್ಕಿನ ಕಾರ್ಡು ಕೂಡಿಸುವವರಿಗೆ ಎಂದು ಬಿಡಿಸಿ ಹಂಚುತ್ತಾನೆ. ಬಿಡಿಯಾಗಿ ಮಾರಿದರೆ ಹೆಚ್ಚು ಹಣ. ರೆಜಿಮೆಂಟು ಬೆಂಗಳೂರಿನಿಂದ ಬೇರೆ ದಂಡಿಗೆ ಹೋದ ಮೇಲೆ ಬರೆದ ಕಾರ್ಡುಗಳು ಇದೇ ಹೊತ್ತಿಗೆ ಲಾಹೋರಿನ ಕಾರ್ಡುಗಳನ್ನೋ ಬರ್ಮಾದ ಕಾರ್ಡುಗಳನ್ನೋ ಕೂಡಿಸುವ ಇನ್ನೊಬ್ಬರ ಪೆಟ್ಟಿಗೆಯಲ್ಲಿರಬಹುದು. ನಮಗೆ ಮೌನವೆಂದು ಕಾಣುವುದು ಎಷ್ಟೋ ಸಲ ಬದುಕಿನಲ್ಲಿ ಆದ ಮೌನವಲ್ಲ, ಮಾರಾಟದ ಮೇಜಿನ ಮೇಲೆ ಆದ ವಿಂಗಡಣೆ. ಊರಿನ ಪ್ರಕಾರ ಸಂಗ್ರಹಿಸುವ ನನ್ನಂಥವರೂ ಈ ವಿಂಗಡಣೆಗೆ ಬೇಡಿಕೆ ಹುಟ್ಟಿಸಿದವರೇ.

ಕಾಲವನ್ನು ಗುರುತಿಸುವ ಕೆಲಸದಲ್ಲಿಯೂ ಇದೇ ಎಚ್ಚರ ಬೇಕು. ಅಂಚೆಮುದ್ರೆಯ ವರ್ಷ ಕಾರ್ಡು ಪ್ರಯಾಣ ಮಾಡಿದ ವರ್ಷವೇ ಹೊರತು ಚಿತ್ರ ತೆಗೆದ ವರ್ಷವಲ್ಲ. ಚಿತ್ರದ ವಯಸ್ಸನ್ನು ಚಿತ್ರದೊಳಗೇ ಹುಡುಕಬೇಕು. ಕಬ್ಬನ್ ಪಾರ್ಕಿನ ತುದಿಯಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಕಂಡರೆ ಅದು 1906ರ ಫೆಬ್ರವರಿಯ ನಂತರದ್ದು, ಏಕೆಂದರೆ ಪ್ರತಿಮೆ ಅನಾವರಣವಾದದ್ದು ಆಗ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು, 1935ರಲ್ಲಿ ಅದನ್ನು ವಿಸ್ತರಿಸಿದರು. ಆದ್ದರಿಂದ ಹಳೆಯ ಕಾರ್ಡಿನಲ್ಲಿ ಅದು ನಾವು ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ನೋಡುವ ಕಟ್ಟಡಕ್ಕಿಂತ ಚಿಕ್ಕದು. ಮೈಸೂರಿನ ಕಾರ್ಡಿನಲ್ಲಿ ಈಗಿನ ಅರಮನೆ ಪೂರ್ತಿಯಾಗಿ ನಿಂತಿದ್ದರೆ ಅದು 1912ರ ಆಸುಪಾಸಿನದು ಇಲ್ಲವೇ ಈಚಿನದು. ಹಿಂದಿನ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿತ್ತು. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟಿನಲ್ಲಿ. ಹೊಸಬರು ಬೀದಿಯಲ್ಲಿ ಕಂಬ ಕಂಡ ಕೂಡಲೇ 1905ರ ನಂತರದ ಚಿತ್ರವೆಂದು ಬರೆದುಬಿಡುತ್ತಾರೆ. ತಂತಿ ಇಲಾಖೆಯ ಕಂಬಗಳು ಅದಕ್ಕಿಂತ ಎಷ್ಟೋ ಮೊದಲೇ ಇದ್ದವು. ಕಂಬದಿಂದ ದೀಪ ಇಳಿಬಿದ್ದಿದೆಯೇ ಎಂದು ನೋಡಬೇಕು. ಇಂಥ ಒಣ ಕೆಲಸದಲ್ಲಿ ನನಗೆ ಬೇಸರವಿಲ್ಲ. ಗಾಡಿಯ ನೆರಳು ಬಿದ್ದ ದಿಕ್ಕಿನಿಂದ ಸೌತ್ ಪೆರೇಡಿನಲ್ಲಿ ಅದು ಬೆಳಗಿನ ಹೊತ್ತೆಂದು ಲೆಕ್ಕ ಹಾಕಿದಾಗ, ಅಂಗಡಿಯ ಮುಂದೆ ಪೊರಕೆ ಹಿಡಿದು ಬಗ್ಗಿದ ಮನುಷ್ಯ ಏನು ಮಾಡುತ್ತಿದ್ದಾನೆಂಬುದಕ್ಕೆ ಅರ್ಥ ಬರುತ್ತದೆ. ಅವನೂ ಹೆಸರಿಲ್ಲದವನೇ, ಆದರೆ ಅವನ ದಿನದ ಒಂದು ಗಂಟೆ ನನಗೆ ಸಿಕ್ಕಿತು.

ಕರಾವಳಿಯ ಕಡೆಗೆ ಬಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಕಾರ್ಡುಗಳು ಬೇರೆ ಬಗೆಯವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ, ನೇಯ್ಗೆಯ ಶಾಲೆಗಳು, ಛಾಪಖಾನೆ, ಹೆಣ್ಣುಮಕ್ಕಳ ಶಾಲೆ ಇವುಗಳ ಚಿತ್ರಗಳನ್ನು ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯಲ್ಲಿದ್ದ ಬೆಂಬಲಿಗರಿಗೆ ತೋರಿಸುವ ಉದ್ದೇಶ ಅಲ್ಲಿತ್ತು. ಆ ಚಿತ್ರಗಳಲ್ಲಿಯೂ ಹಂಚು ಹೊರುವ ಹೆಂಗಸರಿಗೆ ಹೆಸರಿಲ್ಲ, ಆದರೂ ಕೆಲಸ ಯಾವುದು, ಊರು ಯಾವುದು ಎಂಬುದರಲ್ಲಿ ಅವು ಮದರಾಸಿನ ಪ್ರಕಾಶಕರಿಗಿಂತ ನಂಬಿಕೆಗೆ ಅರ್ಹ. ಬಾಸೆಲ್ ನಗರದಲ್ಲಿರುವ ಮಿಷನ್ನಿನ ಪತ್ರಾಗಾರ ತನ್ನ ಸಾವಿರಾರು ಹಳೆಯ ಫೋಟೋಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿರುವುದರಿಂದ ಕಾರ್ಡಿನ ಚಿತ್ರಕ್ಕೆ ಮೂಲ ಹುಡುಕುವುದೂ ಸಾಧ್ಯ.

ಕನ್ನಡದಲ್ಲಿ ಬರೆದ ಚಿತ್ರದ ಕಾರ್ಡು ಮಾತ್ರ ನನಗೆ ಬಲು ಅಪರೂಪಕ್ಕೆ ಸಿಕ್ಕಿದೆ. ಕಾರಣ ದುಡ್ಡು. ಸರ್ಕಾರದ ಕಾಲಾಣೆಯ ಕಾರ್ಡಿನಲ್ಲಿ ಕಾಗದವೂ ಚೀಟಿಯೂ ಒಟ್ಟಿಗೆ ಬರುತ್ತಿತ್ತು, 1922ರವರೆಗೆ ಆ ದರ ಏರಲೂ ಇಲ್ಲ; ಚಿತ್ರದ ಕಾರ್ಡನ್ನಾದರೆ ಬೇರೆಯಾಗಿ ಕೊಂಡು ಚೀಟಿಯನ್ನು ಬೇರೆಯಾಗಿ ಅಂಟಿಸಬೇಕು. ಕ್ಷೇಮ ಸಮಾಚಾರಕ್ಕೆ ಅಷ್ಟೆಲ್ಲ ಖರ್ಚು ಮಾಡುವವರು ನಮ್ಮಲ್ಲಿ ಕಡಿಮೆ. ನನ್ನ ಬಳಿಯ ಅಂಥ ಒಂದು ಕಾರ್ಡು ರವಿವರ್ಮ ಪ್ರೆಸ್ಸಿನದು, ಲೋನಾವಳದ ಬಳಿ ಅಚ್ಚಾದದ್ದು, ಮುಂಬದಿಯಲ್ಲಿ ಸರಸ್ವತಿ. ಹಿಂಬದಿಯಲ್ಲಿ ನೆತ್ತಿಗೆ ಶ್ರೀಕಾರ, ಆಮೇಲೆ ತೀರ್ಥರೂಪ ಸಮಾನರಾದ ಎಂದು ತೊಡಗಿ, ಉಭಯ ಕುಶಲೋಪರಿ ಎಂದು ಮುಂದುವರಿದು, ಅರ್ಧ ಜಾಗ ಮರ್ಯಾದೆಯಲ್ಲೇ ಮುಗಿದ ಮೇಲೆ ಉಳಿದ ಅರ್ಧದಲ್ಲಿ ಧಾರವಾಡದಿಂದ ನಾಡಿದ್ದು ಬರುವ ರೈಲುಗಾಡಿಗೆ ಎತ್ತಿನ ಬಂಡಿ ಕಳುಹಿಸಬೇಕೆಂಬ ಸುದ್ದಿ. ನಾಲ್ಕು ಮೂಲೆಗಳಲ್ಲಿ ಅರಿಶಿನದ ಕಲೆ ಮಾಸಿ ಉಳಿದಿದೆ. ನಡುವೆ ಒಂದು ತೂತು.

ಆ ತೂತನ್ನು ನೋಡಿ ಇದು ಕೆಟ್ಟಿದೆ, ಬೆಲೆ ಇಳಿಸು ಎಂದು ವ್ಯಾಪಾರಿಯೊಡನೆ ಜಗ್ಗಾಡುವವರಿದ್ದಾರೆ. ನಮ್ಮ ಮನೆಗಳಲ್ಲಿ ಬಂದ ಕಾಗದಗಳನ್ನೆಲ್ಲ ಗೋಡೆಗೆ ತೂಗುಹಾಕಿದ, ತುದಿ ಬಗ್ಗಿಸಿದ ತಂತಿಯೊಂದಕ್ಕೆ ಚುಚ್ಚಿಡುತ್ತಿದ್ದರು. ತೂತಿದ್ದರೆ ಅದು ಒಂದು ಸಂಸಾರದ ತಂತಿಯಿಂದ ಇಳಿದದ್ದೆಂದು ಅರ್ಥ, ಆ ಕಾಗದವನ್ನು ಯಾರೋ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದ್ದರೆಂದು ಅರ್ಥ. ಇಂಗ್ಲೆಂಡಿನ ಆಲ್ಬಮ್ಮುಗಳಿಂದ ಬಂದ ಕಾರ್ಡುಗಳ ಮೂಲೆಗಳಲ್ಲಿ ಸೀಳುಗಳಿಗೆ ಸಿಕ್ಕಿಸಿದ ಗುರುತಿರುತ್ತದೆ. ಇದು ನಮ್ಮ ಗುರುತು. ಆದರೆ ತಂತಿಗೆ ಏರದ ಕಾಗದಗಳೂ ಇದ್ದವು. ಸಾವಿನ ಸುದ್ದಿ ತಂದ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕುವುದು ವಾಡಿಕೆ. ಅದನ್ನು ಮನೆಯೊಳಗೆ ಇಡುವಂತಿರಲಿಲ್ಲ. ಇದರ ಪರಿಣಾಮವಾಗಿ ನಮಗೆ ಉಳಿದುಬಂದ ಕಾಗದಗಳಲ್ಲಿ ಮದುವೆಗಳಿವೆ, ನಾಮಕರಣಗಳಿವೆ, ಬಂಡಿ ಕಳುಹಿಸಿರೆಂಬ ಸೂಚನೆಗಳಿವೆ, ಸಾಲದ ವಿನಂತಿಗಳಿವೆ. ಪ್ಲೇಗು, ಇನ್‌ಫ್ಲುಯೆಂಜಾಗಳ ವರ್ಷಗಳಲ್ಲಿಯೂ ಸಾವು ಕಾಣುವುದು ತೀರ ಕಡಿಮೆ. ಕನ್ನಡದ ಹಳೆಯ ಕಾರ್ಡುಗಳಿಂದ ಬದುಕನ್ನು ಊಹಿಸಹೊರಟವರು ಅಲ್ಲಿ ಎಲ್ಲರೂ ಸದಾ ಕ್ಷೇಮವಾಗಿದ್ದರೆಂದು ನಂಬಿಬಿಡುವ ಅಪಾಯ ಇರುವುದು ಈ ಕಾರಣದಿಂದ.

ಇಷ್ಟನ್ನು ಬರೆದದ್ದಕ್ಕೆ ಒಂದು ಸ್ವಾರ್ಥವೂ ಇದೆ. ನಿಮ್ಮ ಮನೆಯ ಟ್ರಂಕಿನಲ್ಲಿ ಇಂಥ ಕಾರ್ಡುಗಳಿದ್ದರೆ ದಯವಿಟ್ಟು ಅಂಚೆಚೀಟಿಯನ್ನು ಕಿತ್ತು ಮಕ್ಕಳಿಗೆ ಕೊಡಬೇಡಿ. ಚೀಟಿಯೊಡನೆ ಮುದ್ರೆಯ ಅರ್ಧ ಹೋಗುತ್ತದೆ, ಅದರೊಡನೆ ಊರೂ ತಾರೀಖೂ ಹೋಗುತ್ತವೆ. ಲ್ಯಾಮಿನೇಶನ್ ಮಾಡಿಸಬೇಡಿ, ಮೆತ್ತನೆಯ ಪಿವಿಸಿ ಹಾಳೆಗಳಲ್ಲಿ ಇಡಬೇಡಿ. ಪಾಲಿಯೆಸ್ಟರಿನ ತೆಳು ಚೀಲಗಳು ಸಿಗುತ್ತವೆ, ಅವು ಸಾಲದಿದ್ದರೆ ಒಳ್ಳೆಯ ಕಾಗದದ ಲಕೋಟೆಯೇ ಸಾಕು. ಮನೆಯ ಹಿರಿಯರು ಇದ್ದರೆ ಅವರ ಮುಂದೆ ಚಿತ್ರದ ಬದಿಯನ್ನೂ ಇಟ್ಟು, ಈ ಮುಖ ಯಾರದೆಂದು ಕೇಳಿ. ಅವರು ಹೇಳಿದ ಹೆಸರನ್ನು ಕಾರ್ಡಿನ ಮೇಲಲ್ಲ, ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗೆ ಇಡಿ. ಅಂತರ್ಜಾಲದಲ್ಲಿ ಹಾಕುವುದಾದರೆ ಎರಡೂ ಬದಿಗಳನ್ನು ಹಾಕಿ. ಹಳೆಯ ಬೆಂಗಳೂರಿನ ಚಿತ್ರಗಳೆಂದು ಸುತ್ತಾಡುವ ನೂರಾರು ಕಾರ್ಡುಗಳಲ್ಲಿ ಹಿಂಬದಿಯನ್ನು ತೋರಿಸಿದವು ತೀರ ವಿರಳ. ಸಿಪಾಯಿಯ ಕೈಬರಹ ನನಗೆ ಈಗ ಚೆನ್ನಾಗಿ ಗೊತ್ತಿರುವುದರಿಂದ, ಅವನ ಉಳಿದ ಕಾರ್ಡುಗಳು ಯಾರಲ್ಲಾದರೂ ಇದ್ದರೆ ನಾನು ಗುರುತಿಸಬಲ್ಲೆ.